ತೋಳಿಗೊಂದು ರಜೆ

ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿಬಂದವರು ನಯಾಗರ ಜಲಪಾತದ ಫೋಟೋ ತೋರಿಸುತ್ತಾರೆ, ಅಲ್ಲಿನ ಅಂಗಡಿಗಳ ಉದ್ದಗಲ ವರ್ಣಿಸುತ್ತಾರೆ, ಬಂದವರಿಗೆಲ್ಲ ಒಂದೊಂದು ಚಾಕಲೇಟು ಹಂಚುತ್ತಾರೆ. ನಾನು ಚಾಕಲೇಟನ್ನೇನೋ ತಂದೆ. ಅದರ ಜೊತೆಗೆ ಐದು ಜನ ಗಂಡಸರ ಹೆಸರು ಬರೆದ ಒಂದು ತುಂಡು ಕಾಗದವನ್ನೂ ತಂದೆ. ಅದು ಪರ್ಸಿನಿಂದ ಜಾರಿ ಬಿದ್ದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಎದ್ದ ನಗೆ ಇನ್ನೂ ನೆನಪಿದೆ. ಆ ಐವರು ಯಾರು, ಅವರ ಹೆಸರು ನನ್ನ ಪರ್ಸಿಗೆ ಹೇಗೆ ಬಂತು ಎಂಬುದನ್ನು ಹೇಳಲು ಹೊರಟರೆ ನೂರಮೂವತ್ತು ವರ್ಷಗಳ ಚರಿತ್ರೆಯನ್ನೇ ಹೇಳಬೇಕಾಗುತ್ತದೆ. ಇತಿಹಾಸ ಪಾಠ ಮಾಡುವವಳಿಗೆ ಚುಟುಕಾಗಿ ಹೇಳು ಎಂದರೆ ಆಗುವುದೂ ಇಲ್ಲ.

೨೦೧೩ರ ಫೆಬ್ರವರಿ. ನನ್ನ ತಂಗಿ ವಾಷಿಂಗ್ಟನ್ ನಗರಕ್ಕೆ ಅಂಟಿಕೊಂಡಂತಿರುವ, ಮೇರಿಲ್ಯಾಂಡ್ ರಾಜ್ಯದ ಸಿಲ್ವರ್ ಸ್ಪ್ರಿಂಗ್ ಎಂಬಲ್ಲಿದ್ದಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಮಗುವಾಗಿತ್ತು. ಅಮ್ಮನ ಮಂಡಿನೋವು ವಿಮಾನ ಹತ್ತಲು ಬಿಡಲಿಲ್ಲ. ಹೀಗಾಗಿ ಮೆಂತ್ಯದ ಹಿಟ್ಟು, ಅಂಟಿನುಂಡೆ, ಬಾಣಂತಿ ಖಾರಗಳ ಸಮೇತ ನಾನು ಹೊರಟೆ. ನಮ್ಮ ಶಾಲೆಯವರು ವೇತನವಿಲ್ಲದ ರಜೆಯನ್ನು ಬೇಗ ಮಂಜೂರು ಮಾಡಿದರು. ಅದಕ್ಕೆ ಕಾರಣ ಅವರ ದೊಡ್ಡ ಮನಸ್ಸಲ್ಲ. ಅಷ್ಟು ಹೊತ್ತಿಗೆ ನಾನು ಪಾಠ ಮಾಡುವ ಸ್ಥಿತಿಯಲ್ಲೇ ಇರಲಿಲ್ಲ. ಹಿಂದಿನ ಮಳೆಗಾಲದಲ್ಲಿ ನನ್ನ ಗಂಟಲು ಕೈಕೊಟ್ಟಿತ್ತು. ಶಿವಮೊಗ್ಗದ ಗಂಟಲಿನ ವೈದ್ಯರು ಬಾಯೊಳಗೆ ಕನ್ನಡಿಯಿಟ್ಟು ನೋಡಿ, ಧ್ವನಿತಂತುಗಳ ಮೇಲೆ ಗಂಟುಗಳೆದ್ದಿವೆ ಎಂದಿದ್ದರು. "ಅಗತ್ಯವಿದ್ದರೆ ಮಾತ್ರ ಮಾತು. ಪಿಸುಮಾತಂತೂ ಕೂಡದೇ ಕೂಡದು, ಅದರಿಂದ ಶ್ರಮ ಇನ್ನೂ ಹೆಚ್ಚು" ಎಂದು ಕಟ್ಟಪ್ಪಣೆ ಮಾಡಿದ್ದರು. ತಂಗಿ ಮಾತ್ರ, "ಅಕ್ಕಾ, ಬುದ್ಧಿಮಾತು ಹೇಳದ ಬಾಣಂತನ ಸಿಗುವುದಕ್ಕೆ ಪುಣ್ಯ ಮಾಡಿರಬೇಕು" ಎಂದು ಮಲಗಿದಲ್ಲೇ ನಗುತ್ತಿದ್ದಳು.

ತಾಯಿ-ಮಗುವಿಗೆ ಎಣ್ಣೆನೀರು ಮುಗಿದು ಇಬ್ಬರೂ ನಿದ್ದೆಹೋದ ಮೇಲೆ ನನಗೆ ಒಂದೂವರೆ ಗಂಟೆ ಬಿಡುವು. ಆಗ ಕೋಟು, ಟೋಪಿ, ಸೀರೆಯ ಕೆಳಗೆ ಎರಡು ಜೊತೆ ಕಾಲುಚೀಲ ಹಾಕಿಕೊಂಡು ಬಡಾವಣೆಯ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಮಾತಾಡಬಾರದವಳಿಗೆ ಅದಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ಆದರೆ ಅಲ್ಲಿ ಪತ್ರಿಕೆಗಳ ಮೇಜಿನ ಸುತ್ತ ದಿನಾ ಮೂವರು ಹಿರಿಯರು ಕೂತು ಜಗಳವಾಡುತ್ತಿದ್ದರು. ಒಬ್ಬರು ಬಸ್ಸು ಓಡಿಸಿ ನಿವೃತ್ತರಾದವರು, ಇನ್ನೊಬ್ಬರು ಅಂಚೆ ಹಂಚಿ ನಿವೃತ್ತರಾದವರು, ಮೂರನೆಯವರು ಬೆಳ್ಳಿ ತಲೆಯ ಒಬ್ಬ ಹೆಂಗಸು. ಮೇಜಿನ ಮೇಲೆ ಗೆರೆ ಎಳೆದ ಕಾಗದ, ಒಂದರಿಂದ ಐದರವರೆಗೆ ಅಂಕಿ, ಎದುರಿಗೆ ಹೆಸರುಗಳು. ಒಬ್ಬರು ಪೆನ್ಸಿಲಿನಲ್ಲಿ ಬರೆದುದನ್ನು ಇನ್ನೊಬ್ಬರು ಒರೆಸಿ ಮೂರನೆಯವನನ್ನು ಐದಕ್ಕೂ ಐದನೆಯವನನ್ನು ಮೂರಕ್ಕೂ ಹಾಕುತ್ತಿದ್ದರು. ಗ್ರಂಥಪಾಲಕಿ ಎದ್ದು ಬಂದು ತುಟಿಯ ಮೇಲೆ ಬೆರಳಿಟ್ಟರೆ ಐದು ನಿಮಿಷ ಮೌನ, ಆಮೇಲೆ ಮತ್ತೆ ಅದೇ. ನಾನು ಇದು ಯಾವುದೋ ಶಾಲೆಯ ಟೈಮ್‌ಟೇಬಲ್ಲೇ ಸರಿ ಎಂದುಕೊಂಡೆ. ಜೂನ್ ಮೊದಲ ವಾರ ನಮ್ಮ ಸ್ಟಾಫ್ ರೂಮಿನಲ್ಲಿ ನಡೆಯುವುದೂ ಹೀಗೆಯೇ ಅಲ್ಲವೆ?

ಮೂರನೆಯ ದಿನ ಆ ಹೆಂಗಸೇ ನನ್ನನ್ನು ಕರೆದು ಕೂರಿಸಿಕೊಂಡರು. ನಾನು ಗಂಟಲು ಮುಟ್ಟಿ ತೋರಿಸಿ, "ಮಾತಾಡುವಂತಿಲ್ಲ, ಶಿಕ್ಷಕಿ" ಎಂದು ಚೀಟಿಯಲ್ಲಿ ಬರೆದೆ. ಅವರು ಅದನ್ನು ಓದಿ ನನ್ನ ಕೈ ಹಿಡಿದುಕೊಂಡರು. ಅವರೂ ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದವರೇ. ಅಂದಿನಿಂದ ಅವರು ಹೇಳುವುದು, ನಾನು ಚೀಟಿ ಬರೆಯುವುದು ಎಂದಾಯಿತು. ಆ ಕಾಗದ ಯಾವ ಶಾಲೆಯದೂ ಆಗಿರಲಿಲ್ಲ. ಏಪ್ರಿಲ್ ಒಂದರಿಂದ ಶುರುವಾಗಲಿದ್ದ ಬೇಸ್‌ಬಾಲ್ ಋತುವಿನಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ತಂಡದ ಪಿಚರುಗಳು ಯಾವ ಸರದಿಯಲ್ಲಿ ಚೆಂಡೆಸೆಯಬೇಕು ಎಂಬುದರ ಪಟ್ಟಿ ಅದು. ತಂಡವೇನೋ ಫ್ಲಾರಿಡಾದ ಬಿಸಿಲಿನಲ್ಲಿ ಅಭ್ಯಾಸ ಮಾಡುತ್ತಿತ್ತು. ಈ ಮೂವರು ಹಿಮ ಬೀಳುವ ಊರಿನಲ್ಲಿ ಕೂತು ಅದರ ಭಾರವನ್ನೆಲ್ಲ ಹೊತ್ತಿದ್ದರು.

ಬೇಸ್‌ಬಾಲ್ ನೋಡದ ಓದುಗರಿಗಾಗಿ ಎರಡು ಮಾತು ಹೇಳಬೇಕು. ನಮ್ಮ ಬೌಲರನ ಜಾಗದಲ್ಲಿ ಅವರಲ್ಲಿ ಪಿಚರ್ ಇರುತ್ತಾನೆ. ನಮ್ಮವನು ಓಡಿಬಂದು, ಮೊಣಕೈ ಬಗ್ಗಿಸದೆ, ಚೆಂಡನ್ನು ನೆಲಕ್ಕೆ ಪುಟಿಸುತ್ತಾನೆ. ಅವರವನು ಓಡುವುದಿಲ್ಲ. ಒಂದು ಸಣ್ಣ ಮಣ್ಣಿನ ದಿಬ್ಬದ ಮೇಲೆ ನಿಂತು, ೬೦ ಅಡಿ ೬ ಅಂಗುಲ ದೂರಕ್ಕೆ, ಮೈಯ ಬಲವನ್ನೆಲ್ಲ ತೋಳಿಗೆ ತಂದು, ಚಾವಟಿ ಬೀಸಿದ ಹಾಗೆ ಮೊಣಕೈ ಬಗ್ಗಿಸಿ ಎಸೆಯುತ್ತಾನೆ. ಒಂದು ಪಂದ್ಯದಲ್ಲಿ ಸುಮಾರು ನೂರು ಸಲ ಹಾಗೆ ಬೀಸಿದ ತೋಳು ಮರುದಿನ ಏಳುವುದಿಲ್ಲ. ಆದರೆ ಪಂದ್ಯವೋ ಹೆಚ್ಚುಕಡಿಮೆ ದಿನಾ ಇರುತ್ತದೆ. ಆರು ತಿಂಗಳಲ್ಲಿ ಒಂದೊಂದು ತಂಡವೂ ೧೬೨ ಪಂದ್ಯ ಆಡಬೇಕು. ಅದಕ್ಕೇ ಐದು ಜನ ಪಿಚರುಗಳು. ಸೋಮವಾರ ಎಸೆದವನು ನಾಲ್ಕು ದಿನ ಸುಮ್ಮನಿದ್ದು ಶನಿವಾರಕ್ಕೆ ಮತ್ತೆ ಬರುತ್ತಾನೆ. ಇದನ್ನೇ ಅವರು ರೊಟೇಷನ್ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಸರದಿ.

ನನಗೆ ಆಶ್ಚರ್ಯವಾದದ್ದು ಬೇರೆಯೇ ಒಂದು ಸಂಗತಿ. ಕ್ರಿಕೆಟ್ಟಿನಲ್ಲಿ ಒಬ್ಬನೇ ಎರಡು ಓವರು ಬೆನ್ನುಬೆನ್ನಿಗೆ ಹಾಕುವಂತಿಲ್ಲ. ಒಂದು ದಿನದ ಪಂದ್ಯದಲ್ಲಿ ಹತ್ತು ಓವರಿಗಿಂತ ಹೆಚ್ಚು ಹಾಕುವಂತಿಲ್ಲ. ದಣಿದ ತೋಳಿಗೆ ನಿಯಮವೇ ಒಂದಿಷ್ಟು ನೆರಳು ಮಾಡಿಕೊಟ್ಟಿದೆ. ಅಮೆರಿಕದ ವೃತ್ತಿಪರ ಬೇಸ್‌ಬಾಲಿನಲ್ಲಿ ಅಂಥ ನಿಯಮವಿಲ್ಲ. ಮ್ಯಾನೇಜರು ಎಸೆ ಎಂದರೆ ಇಂದೂ ಎಸೆಯಬಹುದು, ನಾಳೆಯೂ ಎಸೆಯಬಹುದು. ನಾಲ್ಕು ದಿನದ ವಿಶ್ರಾಂತಿ ಬರಿಯ ರೂಢಿ. ರೂಢಿ ಎಂದಮೇಲೆ ವಾದಕ್ಕೆ ಜಾಗ ಇದ್ದೇ ಇದೆ. ನಿಯಮವಿದ್ದಿದ್ದರೆ ಆ ಮೇಜಿನ ಸುತ್ತ ಅಷ್ಟು ಜಗಳವೂ ಇರುತ್ತಿರಲಿಲ್ಲ.

ಆ ವರ್ಷದ ಪಟ್ಟಿಯಲ್ಲಿದ್ದ ಐವರು ಸ್ಟೀಫನ್ ಸ್ಟ್ರಾಸ್‌ಬರ್ಗ್, ಜಿಯೊ ಗೊನ್ಜಾಲೆಜ್, ಜೋರ್ಡನ್ ಜಿಮ್ಮರ್‌ಮನ್, ರಾಸ್ ಡೆಟ್‌ವೈಲರ್ ಮತ್ತು ಹೊಸದಾಗಿ ಬಂದ ಡ್ಯಾನ್ ಹ್ಯಾರನ್. ಎಡಗೈಯವರನ್ನೂ ಬಲಗೈಯವರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ಹಾಕಬೇಕೆಂದು ಅಂಚೆಯವರ ವಾದ. ಬೆನ್ನುನೋವಿನ ಹ್ಯಾರನ್‌ನನ್ನು ಕೊನೆಗೆ ಹಾಕಬೇಕೆಂದು ಬಸ್ಸಿನವರ ವಾದ. ಕೆಳಗಿನ ನಾಲ್ಕು ಹೆಸರು ದಿನಕ್ಕೊಮ್ಮೆ ಮೇಲೆಕೆಳಗಾಗುತ್ತಿದ್ದವು. ಮೊದಲನೆಯ ಹೆಸರು ಮಾತ್ರ ಕದಲುತ್ತಿರಲಿಲ್ಲ. ಆದರೆ ಆ ಹೆಸರಿನ ಹತ್ತಿರ ಬಂದಾಗ ಮೂವರ ದನಿಯೂ ಬದಲಾಗುತ್ತಿತ್ತು. ನಮ್ಮ ಕಡೆ ಹಿಸ್ಸೆಯಾದ ಆಸ್ತಿಯ ಮಾತು ಬಂದಾಗ ಅಣ್ಣತಮ್ಮಂದಿರ ದನಿ ಬದಲಾಗುವ ಹಾಗೆ.

ನಡೆದದ್ದು ಇಷ್ಟು. ವಾಷಿಂಗ್ಟನ್ ನಗರದಲ್ಲಿದ್ದ ತಂಡ ೧೯೭೧ರಲ್ಲಿ ಊರು ಬಿಟ್ಟು ಹೋಗಿತ್ತು. ಆಮೇಲೆ ೨೦೦೫ರವರೆಗೆ ದೇಶದ ರಾಜಧಾನಿಗೆ ಒಂದು ತಂಡವೇ ಇರಲಿಲ್ಲ. ಬಂದ ಹೊಸ ತಂಡವೂ ಸೋಲುವುದರಲ್ಲೇ ಹೆಸರು ಮಾಡಿತು. ೨೦೦೯ರಲ್ಲಿ ಸ್ಟ್ರಾಸ್‌ಬರ್ಗ್ ಎಂಬ ಹುಡುಗ ಸಿಕ್ಕಿದ. ೨೦೧೦ರ ಜೂನ್ ೮ರಂದು ಮೊದಲ ಪಂದ್ಯದಲ್ಲೇ ಹದಿನಾಲ್ಕು ಜನರನ್ನು ಚೆಂಡು ಮುಟ್ಟಿಸದೆ ಮನೆಗೆ ಕಳಿಸಿದ. ಆಗಸ್ಟಿನಲ್ಲಿ ಮೊಣಕೈಯ ಒಳಮಗ್ಗುಲ ಲಿಗಮೆಂಟು ಹರಿಯಿತು. ಸೆಪ್ಟೆಂಬರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ೨೦೧೨ರಲ್ಲಿ ಆತ ಪೂರ್ಣ ಋತುವಿಗೆ ಮರಳಿದಾಗ ತಂಡ ಎಲ್ಲರಿಗಿಂತ ಹೆಚ್ಚು, ೯೮ ಪಂದ್ಯ ಗೆದ್ದಿತು. ೧೯೩೩ರ ನಂತರ ಮೊದಲ ಬಾರಿಗೆ ಆ ಊರು ಅಂತಿಮ ಸುತ್ತುಗಳನ್ನು ಕಂಡಿತು. ಆದರೆ ತಂಡದ ಮೇಲ್ವಿಚಾರಕ ಮೈಕ್ ರಿಜೊ ಮೊದಲೇ ತೀರ್ಮಾನಿಸಿದ್ದರು. ಹೊಲಿದ ತೋಳಿಗೆ ಮೊದಲ ವರ್ಷ ಒಂದು ಮಿತಿಯಿರಬೇಕು. ಸೆಪ್ಟೆಂಬರ್ ೭ರ ಪಂದ್ಯದ ನಂತರ, ೧೫೯ ಇನ್ನಿಂಗ್ಸ್ ದಾಟಿದೊಡನೆ, ಇನ್ನು ಈ ವರ್ಷ ಎಸೆಯುವುದು ಬೇಡ ಎಂದು ಸ್ಟ್ರಾಸ್‌ಬರ್ಗ್‌ನನ್ನು ಕೂರಿಸಿದರು. ಅವನಿಗೆ ಆಗ ೨೪ ವರ್ಷ. ಹುಡುಗ ಬೇಸರಪಟ್ಟ ಎಂದು ಪತ್ರಿಕೆಗಳು ಬರೆದವು. ಅಕ್ಟೋಬರ್ ೧೨ರ ರಾತ್ರಿ ಸೇಂಟ್ ಲೂಯಿಯ ಕಾರ್ಡಿನಲ್ಸ್ ತಂಡದ ವಿರುದ್ಧ ೬-೦ ಮುಂದಿದ್ದ ನ್ಯಾಷನಲ್ಸ್, ಕೊನೆಯ ಇನ್ನಿಂಗ್ಸಿನಲ್ಲಿ ನಾಲ್ಕು ರನ್ ಕೊಟ್ಟು ೯-೭ರಲ್ಲಿ ಸೋತಿತು. ಸ್ಟ್ರಾಸ್‌ಬರ್ಗ್ ಕೂತು ನೋಡಿದ.

"ಎಪ್ಪತ್ತೊಂಬತ್ತು ವರ್ಷ ಕಾದಿದ್ದೆವು. ಇನ್ನೊಂದು ಸಲ ಈ ಅವಕಾಶ ಬರುತ್ತದೆಂದು ಬರೆದುಕೊಟ್ಟವರು ಯಾರು? ಊಟಕ್ಕೆ ಕೂತವನ ಎಲೆ ಎಳೆದ ಹಾಗಾಯಿತು" ಎನ್ನುವುದು ಬಸ್ಸಿನವರ ಸಂಕಟ. "ತೋಳೇ ಹೋದರೆ ಊಟ ಮಾಡುವುದು ಯಾವುದರಲ್ಲಿ?" ಎಂದು ಅಂಚೆಯವರ ಮರುಪ್ರಶ್ನೆ. ಇಬ್ಬರೂ ಹೇಳಿದ್ದನ್ನೇ ಚಳಿಗಾಲವಿಡೀ ಹೇಳಿದ್ದರಂತೆ. ಶಿಕ್ಷಕಿ ಮಾತ್ರ ಯಾವ ಕಡೆಗೂ ಸೇರದೆ, "ಆ ಹುಡುಗನನ್ನು ಯಾರಾದರೂ ಕೇಳಿದರೆ?" ಎನ್ನುತ್ತಿದ್ದರು. ಅವರೇ ನನಗೆ ಕಪಾಟಿನಿಂದ ಹಳೆಯ ಪುಸ್ತಕಗಳನ್ನು ತೆಗೆದುಕೊಟ್ಟದ್ದು. "ನೀನು ಇತಿಹಾಸದವಳಲ್ಲವೆ, ಮೊದಲಿನಿಂದ ಓದು" ಎಂದರು. ಮಗುವಿನ ತೊಟ್ಟಿಲು ತೂಗುತ್ತ ಒಂದು ಕೈಯಲ್ಲಿ ಪುಸ್ತಕ ಹಿಡಿದು ನಾನು ಮೊದಲಿನಿಂದ ಓದಿದೆ.

ಮೊದಲಿಗೆ ಸರದಿ ಎಂಬುದೇ ಇರಲಿಲ್ಲ. ಒಂದು ತಂಡಕ್ಕೆ ಒಬ್ಬನೋ ಇಬ್ಬರೋ ಪಿಚರುಗಳು. ೧೮೮೪ರಲ್ಲಿ ಪ್ರಾವಿಡೆನ್ಸ್ ಗ್ರೇಸ್ ಎಂಬ ತಂಡದಲ್ಲಿ ಇಬ್ಬರಿದ್ದರು. ಜುಲೈಯಲ್ಲಿ ಒಬ್ಬ ಮ್ಯಾನೇಜರನೊಡನೆ ಜಗಳವಾಡಿ ತಂಡ ಬಿಟ್ಟ. ಉಳಿದವನು ಚಾರ್ಲ್ಸ್ ರ‍್ಯಾಡ್‌ಬರ್ನ್. ಅವನು ಒಂದು ಕರಾರು ಮಾಡಿಕೊಂಡ. ಸಂಬಳ ಏರಿಸಿ, ಋತು ಮುಗಿದ ಮೇಲೆ ನನ್ನನ್ನು ಬಂಧನದಿಂದ ಬಿಡಿ, ಉಳಿದ ಪಂದ್ಯಗಳನ್ನೆಲ್ಲ ನಾನೇ ಎಸೆಯುತ್ತೇನೆ ಎಂದ. ಹಾಗೆಯೇ ಹೆಚ್ಚುಕಡಿಮೆ ದಿನವೂ ಎಸೆದ. ಆ ವರ್ಷ ೭೩ ಪಂದ್ಯಗಳನ್ನು ಆರಂಭಿಸಿ, ೭೩ನ್ನೂ ತಾನೇ ಮುಗಿಸಿದ. ಅವನ ಗೆಲುವುಗಳನ್ನು ಎಣಿಸುವವರಲ್ಲಿ ಕೆಲವರು ೫೯ ಎನ್ನುತ್ತಾರೆ, ಕೆಲವರು ೬೦ ಎನ್ನುತ್ತಾರೆ. ಹೇಗೆ ಎಣಿಸಿದರೂ ಅದನ್ನು ಮುರಿದವರಿಲ್ಲ. ಆಗ ಎಸೆಯುವ ದೂರ ೫೦ ಅಡಿ ಮಾತ್ರ. ಆದರೂ ಬೆಳಿಗ್ಗೆ ಎದ್ದರೆ ಆ ಕೈಯನ್ನು ತಲೆ ಬಾಚಿಕೊಳ್ಳುವಷ್ಟು ಎತ್ತಲಾಗುತ್ತಿರಲಿಲ್ಲ ಎಂದು ಹೇಳುತ್ತಾರೆ. ಜನ ಅವನನ್ನು ಮೆಚ್ಚಿ ಇಟ್ಟ ಹೆಸರು 'ಓಲ್ಡ್ ಹಾಸ್', ಎಂದರೆ ಮುದಿ ಕುದುರೆ. ಹೊತ್ತು ನಿಲ್ಲುವ ಪ್ರಾಣಿಯ ಹೆಸರನ್ನೇ ಬಿರುದಾಗಿ ಕೊಟ್ಟರು. ೧೮೯೭ರಲ್ಲಿ, ೪೨ನೆಯ ವಯಸ್ಸಿಗೆ ಅವನು ತೀರಿಕೊಂಡ.

೧೮೯೩ರಲ್ಲಿ ದೂರವನ್ನು ೬೦ ಅಡಿ ೬ ಅಂಗುಲಕ್ಕೆ ಹೆಚ್ಚಿಸಿದರು. ತೋಳಿನ ಶ್ರಮ ಹೆಚ್ಚಿತು, ಪಂದ್ಯಗಳೂ ಹೆಚ್ಚಿದವು. ಒಬ್ಬನಿಂದ ಆಗದೆಂದು ಮೂವರು, ನಾಲ್ವರು ಬಂದರು. ಆದರೂ ಚೆನ್ನಾಗಿ ಎಸೆಯುವವನನ್ನು ಕಂಡರೆ ಮ್ಯಾನೇಜರಿಗೆ ಆಸೆ. ಆ ಗ್ರಂಥಾಲಯದಿಂದ ದೂರವಿಲ್ಲದ ಬೆಥೆಸ್ಡಾದಲ್ಲಿ ವಾಲ್ಟರ್ ಜಾನ್ಸನ್ ಹೆಸರಿನ ಒಂದು ಹೈಸ್ಕೂಲಿದೆ. ಜಾನ್ಸನ್ ಯಾರೋ ಶಿಕ್ಷಣತಜ್ಞನಿರಬೇಕೆಂದು ನಾನು ತಿಳಿದಿದ್ದೆ. ಆತ ಪಿಚರ್. ೧೯೦೭ರಿಂದ ೧೯೨೭ರವರೆಗೆ ವಾಷಿಂಗ್ಟನ್ನಿಗಾಗಿ ಎಸೆದು ೪೧೭ ಪಂದ್ಯ ಗೆದ್ದವನು. ೧೯೦೮ರ ಸೆಪ್ಟೆಂಬರಿನಲ್ಲಿ ತಂಡ ನ್ಯೂಯಾರ್ಕಿಗೆ ಹೋದಾಗ, ಇಪ್ಪತ್ತು ವರ್ಷದ ಈ ಹುಡುಗನನ್ನು ೪ನೆಯ ತಾರೀಕು ಇಳಿಸಿದರು, ೫ಕ್ಕೆ ಮತ್ತೆ ಇಳಿಸಿದರು, ೭ಕ್ಕೆ ಮತ್ತೂ ಇಳಿಸಿದರು. ನಡುವಿನ ೬ ಭಾನುವಾರ, ಆಟವಿರಲಿಲ್ಲ. ದೇವರು ಕೊಟ್ಟ ಆ ರಜೆಯನ್ನು ಬಿಟ್ಟರೆ ಮನುಷ್ಯರು ಕೊಟ್ಟ ರಜೆ ಒಂದೂ ಇಲ್ಲ. ಮೂರರಲ್ಲೂ ಎದುರಾಳಿಗಳಿಗೆ ಒಂದು ರನ್ನನ್ನೂ ಕೊಡದೆ ಗೆದ್ದ. ೧೯೨೪ರ ವಿಶ್ವ ಸರಣಿಯಲ್ಲಿ ೩೬ ವರ್ಷದ ಜಾನ್ಸನ್ ಎರಡು ಪಂದ್ಯ ಸೋತು, ಏಳನೆಯ ಪಂದ್ಯದ ಕೊನೆಗೆ ಮತ್ತೆ ದಿಬ್ಬ ಹತ್ತಿ, ನಾಲ್ಕು ಇನ್ನಿಂಗ್ಸ್ ಎಸೆದು, ಹನ್ನೆರಡನೆಯ ಇನ್ನಿಂಗ್ಸಿನಲ್ಲಿ ಊರಿಗೆ ಪದವಿ ತಂದುಕೊಟ್ಟ. ಅವನ ಸ್ಮಾರಕ ಈಗ ಅದೇ ಶಾಲೆಯ ಆವರಣದಲ್ಲಿದೆ. ಬಸ್ಸಿನವರು ಜಾನ್ಸನ್ ಹೆಸರು ಹೇಳುವಾಗಲೆಲ್ಲ ಟೋಪಿ ತೆಗೆಯುತ್ತಿದ್ದರು. "ಅವನಿಗೆ ಯಾರು ಇನ್ನಿಂಗ್ಸ್ ಎಣಿಸಿದ್ದರು?" ಎಂದು ಕೇಳುತ್ತಿದ್ದರು. ನನ್ನ ಬಳಿ ಉತ್ತರವಿರಲಿಲ್ಲ. ನಿಂತ ತೋಳುಗಳ ಕತೆ ಚರಿತ್ರೆಯಲ್ಲಿ ಉಳಿಯುತ್ತದೆ. ಮುರಿದ ತೋಳುಗಳು ಊರಿಗೆ ಹಿಂತಿರುಗಿ ಬೇರೆ ಕೆಲಸ ಹಿಡಿಯುತ್ತವೆ, ಅವುಗಳಿಗೆ ಸ್ಮಾರಕವಿಲ್ಲ ಎಂದು ಮಾತ್ರ ಒಂದು ಚೀಟಿಯಲ್ಲಿ ಬರೆದು ಸರಿಸಿದೆ. ಅವರು ಓದಿ ಜೇಬಿಗೆ ಹಾಕಿಕೊಂಡರು.

ಮುರಿದರೂ ಸ್ಮರಣೆಯಲ್ಲಿ ಉಳಿದವನು ಲಾಸ್ ಏಂಜಲಿಸ್ ಡಾಡ್ಜರ್ಸ್ ತಂಡದ ಸ್ಯಾಂಡಿ ಕೋಫ್ಯಾಕ್ಸ್. ಅವನ ಎಡಮೊಣಕೈಗೆ ಸಂಧಿವಾತ. ೧೯೬೫ರ ವಿಶ್ವ ಸರಣಿಯ ಮೊದಲ ಪಂದ್ಯ ಯೆಹೂದ್ಯರ ಪವಿತ್ರ ದಿನ ಯೋಮ್ ಕಿಪ್ಪೂರ್ ಬಿತ್ತೆಂದು ಆತ ಎಸೆಯಲಿಲ್ಲ. ಆದರೆ ಏಳನೆಯ ಪಂದ್ಯವನ್ನು ಎರಡೇ ದಿನದ ವಿಶ್ರಾಂತಿಯಲ್ಲಿ ಎಸೆದು ೨-೦ರಲ್ಲಿ ಗೆಲ್ಲಿಸಿದ. ಮರುವರ್ಷ ೨೭ ಪಂದ್ಯ ಗೆದ್ದು, ಮೂವತ್ತರ ಪ್ರಾಯದಲ್ಲಿ, ೧೯೬೬ರ ನವೆಂಬರಿನಲ್ಲಿ ಆಟಕ್ಕೆ ಕೈಮುಗಿದ. ಮುಂದೆ ಬದುಕಬೇಕಾದ ವರ್ಷಗಳು ಇನ್ನೂ ಬಹಳವಿವೆ, ಅಷ್ಟಕ್ಕೂ ಈ ತೋಳು ಬೇಕು ಎಂಬ ಅರ್ಥದ ಮಾತಾಡಿದ. ಈ ಚರಿತ್ರೆಯಲ್ಲಿ ತನ್ನ ತೋಳಿಗೆ ತಾನೇ ರಜೆ ಬರೆದುಕೊಂಡವನು ನನಗೆ ಕಂಡದ್ದು ಇವನೊಬ್ಬನೇ.

ಅದೇ ಡಾಡ್ಜರ್ಸ್ ತಂಡದಲ್ಲಿ ಎಂಟು ವರ್ಷಗಳ ನಂತರ, ೧೯೭೪ರ ಜುಲೈಯಲ್ಲಿ, ಟಾಮಿ ಜಾನ್ ಎಂಬ ಎಡಗೈ ಪಿಚರನ ಮೊಣಕೈಯ ಲಿಗಮೆಂಟು ಹರಿಯಿತು. ಅಲ್ಲಿಯವರೆಗೆ ಹಾಗಾದವರು ಊರ ದಾರಿ ಹಿಡಿಯಬೇಕಾಗಿತ್ತು. ಡಾಕ್ಟರ್ ಫ್ರಾಂಕ್ ಜೋಬ್ ಸೆಪ್ಟೆಂಬರ್ ೨೫ರಂದು ಅವನ ಬಲ ಮುಂಗೈಯಿಂದ ಒಂದು ಸ್ನಾಯುರಜ್ಜುವನ್ನು ತೆಗೆದು ಎಡಮೊಣಕೈಗೆ ಕಟ್ಟಿದರು. ಹರಿದ ಹಗ್ಗವನ್ನು ಬಿಚ್ಚಿ ಬೇರೆ ಹಗ್ಗ ಹಾಕಿ ಬಿಗಿದ ಹಾಗೆ. ನೂರಕ್ಕೆ ಒಂದು ಪಾಲು ಆಸೆ ಇಟ್ಟುಕೋ ಎಂದಿದ್ದರಂತೆ. ೧೯೭೫ ಪೂರ್ತಿ ಮನೆಯಲ್ಲಿ ಕೂತ ಟಾಮಿ ಜಾನ್ ೧೯೭೬ರಲ್ಲಿ ಮರಳಿದ. ೧೯೮೯ರವರೆಗೆ ಆಡಿ, ಹೊಲಿಗೆಯ ನಂತರವೇ ೧೬೪ ಪಂದ್ಯ ಗೆದ್ದ. ಇಂದು ಆ ಶಸ್ತ್ರಚಿಕಿತ್ಸೆಗೆ ಅವನದೇ ಹೆಸರು. ಸ್ಟ್ರಾಸ್‌ಬರ್ಗ್‌ಗೆ ಮಾಡಿದ್ದೂ ಅದನ್ನೇ.

ನಾಲ್ವರ ಸರದಿ ಐವರದಾದದ್ದು ಸುಮಾರು ಆ ಕಾಲದಲ್ಲಿಯೇ. ೧೯೭೧ರಲ್ಲಿ ಪಕ್ಕದ ಬಾಲ್ಟಿಮೋರಿನ ಓರಿಯೋಲ್ಸ್ ತಂಡದ ನಾಲ್ವರು ಪಿಚರುಗಳೂ ತಲಾ ಇಪ್ಪತ್ತು ಪಂದ್ಯ ಗೆದ್ದಿದ್ದರು. ಅದನ್ನು ಬಾಲ್ಯದಲ್ಲಿ ಕಂಡವರಿಗೆ ಐದನೆಯವನು ಎಂದರೆ ಸೋಮಾರಿತನದ ಗುರುತು. ಹತ್ತು-ಹದಿನೈದು ವರ್ಷಗಳಲ್ಲಿ ಎಲ್ಲ ತಂಡಗಳಲ್ಲೂ ಐವರಾದರು. ಒಂದು ದಿನದ ಹೆಚ್ಚಿನ ವಿಶ್ರಾಂತಿ ಸಿಗಲು ನೂರು ವರ್ಷ ಹಿಡಿಯಿತು. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ೧೯೯೭ರಲ್ಲಿ ಭುಜದ ಶಸ್ತ್ರಚಿಕಿತ್ಸೆಗೆ ಒಳಗಾಗಿ ಮತ್ತೆ ಬಂದು, ೨೦೦೩ರ ವಿಶ್ವಕಪ್ಪಿನವರೆಗೂ ವೇಗದ ಬೌಲಿಂಗ್ ಮಾಡಿದ್ದನ್ನು ನಾನು ಶಿಕ್ಷಕಿಗೆ ಬರೆದು ತೋರಿಸಿದೆ. ಅವರು, "ಅವನಿಗೂ ಮೊದಲೇ ಯಾರೂ ರಜೆ ಕೊಟ್ಟಿರಲಿಲ್ಲವೆ?" ಎಂದು ಕೇಳಿದರು. ಭಾರತದ ವೇಗದ ಬೌಲಿಂಗಿನ ಭಾರವನ್ನು ಆ ವರ್ಷಗಳಲ್ಲಿ ಎಷ್ಟು ಕಡಿಮೆ ಜನ ಹೊತ್ತಿದ್ದರು ಎಂಬುದು ರೇಡಿಯೋ ಕೇಳುತ್ತಿದ್ದ ನಮಗೆಲ್ಲ ಗೊತ್ತಿತ್ತು. ಆದರೆ ಅದು ತೋಳಿನ ಲೆಕ್ಕ ಎಂದು ಆಗ ಹೊಳೆದಿರಲಿಲ್ಲ.

"ನಿನ್ನ ಗಂಟಲಿಗೆ ಏನಾಯಿತು?" ಎಂದು ಅವರು ಕೇಳಿದ್ದು ಅದೇ ದಿನ. ನಾನು ಮೂರು ಚೀಟಿ ಬರೆಯಬೇಕಾಯಿತು.

ಸಾಗರದ ಮಳೆ ಕಂಡವರಿಗೆ ಹೇಳಬೇಕಾಗಿಲ್ಲ. ನಮ್ಮ ಶಾಲೆಯ ಹಿಂದಿನ ಸಾಲಿಗೆ ತಗಡಿನ ಮಾಡು. ಜೂನಿನಿಂದ ಸೆಪ್ಟೆಂಬರಿನವರೆಗೆ ಅದರ ಮೇಲೆ ಮಳೆ ಬಿದ್ದರೆ ಎದುರು ನಿಂತವರ ಮಾತು ಕೇಳುವುದಿಲ್ಲ. ಅಲ್ಲಿ ಅರವತ್ತು ಮಕ್ಕಳಿಗೆ ಒಂದನೆಯ ಪಾಣಿಪತ್ ಕದನ ಹೇಳಬೇಕಾದರೆ ಬಾಬರನಿಗಿಂತ ಹೆಚ್ಚು ಕೂಗಬೇಕು. ವಾರಕ್ಕೆ ನನ್ನ ಪಾಲಿನ ಪೀರಿಯಡ್ಡುಗಳು ಮೂವತ್ತೆರಡು. ಯಾರಾದರೂ ರಜೆ ಹಾಕಿದರೆ ಆ ತರಗತಿಗೂ ನಾನೇ. ಹತ್ತನೆಯ ತರಗತಿಗೆ ಬೆಳಿಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ. "ನೀವು ಹೋದರೆ ಗದ್ದಲ ಇರುವುದಿಲ್ಲ ನೋಡಿ" ಎಂದು ಮುಖ್ಯೋಪಾಧ್ಯಾಯರು ಹೇಳುತ್ತಿದ್ದರು. ಹೀಗೆ ಹದಿನೇಳು ವರ್ಷ ನಡೆಯಿತು. ೨೦೧೨ರ ಜುಲೈಯ ಒಂದು ಮಧ್ಯಾಹ್ನ ಹಾಜರಿ ಕರೆಯಲು ಬಾಯಿ ತೆರೆದರೆ ಗಾಳಿ ಬಂತು, ಶಬ್ದ ಬರಲಿಲ್ಲ. ಮಕ್ಕಳು ಮೊದಲು ನಕ್ಕರು. ಆಮೇಲೆ ಮುಂದಿನ ಬೆಂಚಿನ ಹುಡುಗಿ ಎದ್ದು ಬಂದು, ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ತಾನೇ ಹಾಜರಿ ಕೂಗಿದಳು. ಆ ಅರವತ್ತು ಹೆಸರುಗಳನ್ನು ಇನ್ನೊಬ್ಬರ ದನಿಯಲ್ಲಿ ಕೇಳುತ್ತ ನಾನು ಕುರ್ಚಿಯಲ್ಲಿ ಕೂತಿದ್ದೆ.

ಇಷ್ಟನ್ನೂ ಬರೆದೆ. ಶಿಕ್ಷಕಿ, "ಹಾಗಾದರೆ ನಿನ್ನ ಮುಖ್ಯೋಪಾಧ್ಯಾಯರದೇ ತಪ್ಪು" ಎಂದರು. ತಲೆಯಾಡಿಸಿ ಬಿಡಬಹುದಾಗಿತ್ತು. ಆದರೆ ರ‍್ಯಾಡ್‌ಬರ್ನನ ಕತೆ ಓದಿ ಆಗಿತ್ತಲ್ಲ. ಅವನನ್ನು ಯಾರೂ ಹಗ್ಗ ಕಟ್ಟಿ ದಿಬ್ಬಕ್ಕೆ ಎಳೆದುಕೊಂಡು ಹೋಗಲಿಲ್ಲ, ತಾನೇ ಕರಾರು ಮಾಡಿಕೊಂಡ. ನನ್ನನ್ನೂ ಯಾರೂ ಎಳೆಯಲಿಲ್ಲ. ನೀವು ಹೋದರೆ ಗದ್ದಲ ಇರುವುದಿಲ್ಲ ಎಂಬ ಆ ಒಂದು ಮಾತಿಗೆ ನಾನು ಹದಿನೇಳು ವರ್ಷ ಸೋತಿದ್ದೆ. ಪಕ್ಕದ ತರಗತಿಯಲ್ಲಿ ಹೊಸ ಮೇಷ್ಟರು ತಡಬಡಾಯಿಸುವುದನ್ನು ಕೇಳಿ ಒಳಗೊಳಗೇ ಹಿಗ್ಗಿದ್ದೆ. ಬೇಡ ಎನ್ನುವ ಅವಕಾಶ ಬಂದಾಗಲೆಲ್ಲ, ನಾನಿಲ್ಲದಿದ್ದರೆ ಈ ಮಕ್ಕಳ ಗತಿಯೇನು ಎಂದುಕೊಂಡಿದ್ದೆ. ಅವನಿಗೆ ಸಂಬಳವಾದರೂ ಏರಿತು. ನನಗೆ ಹೊಗಳಿಕೆಯೇ ಸಾಕಾಗಿತ್ತು. ನಾಲ್ಕನೆಯ ಚೀಟಿಯಲ್ಲಿ, "ತಪ್ಪು ನನ್ನದೂ ಇದೆ" ಎಂದು ಬರೆದೆ. ಅವರು ಅದನ್ನು ಬಹಳ ಹೊತ್ತು ನೋಡಿ, "ಅದಕ್ಕೇ ನಿಯಮ ಬೇಕು. ಚೆನ್ನಾಗಿ ಎಸೆಯುವವನು ತಾನಾಗಿ ಚೆಂಡು ಕೆಳಗಿಡುವುದಿಲ್ಲ" ಎಂದರು. ಅಂದು ಅವರು ಮೊದಲ ಬಾರಿಗೆ ಅಂಚೆಯವರ ಪಕ್ಷ ವಹಿಸಿದರು. ಬಸ್ಸಿನವರು ಎರಡು ದಿನ ನಮ್ಮ ಮೇಜಿಗೆ ಬರಲಿಲ್ಲ.

ಏಪ್ರಿಲ್ ೧ರಂದು ತಂಗಿಯ ಮನೆಯ ಟಿ.ವಿ.ಯಲ್ಲಿ ಋತುವಿನ ಮೊದಲ ಪಂದ್ಯ ನೋಡಿದೆ. ಮಗು ಮಡಿಲಲ್ಲಿತ್ತು. ಪಟ್ಟಿಯಲ್ಲಿ ಕದಲದ ಆ ಮೊದಲ ಹೆಸರೇ ದಿಬ್ಬ ಹತ್ತಿತು. ಎತ್ತರದ ಹುಡುಗ, ಮುಖದಲ್ಲಿ ನಗುವಿಲ್ಲ. ಏಳು ಇನ್ನಿಂಗ್ಸ್ ಎಸೆದು ಒಂದು ರನ್ನೂ ಕೊಡದೆ ಇಳಿದ. ತಂಡ ಮಯಾಮಿಯ ಮೇಲೆ ೨-೦ರಲ್ಲಿ ಗೆದ್ದಿತು. ಮರುದಿನ ಬೀಳ್ಕೊಳ್ಳಲು ಹೋದಾಗ ಮೂವರೂ ಸೇರಿ ತಮ್ಮ ಪಟ್ಟಿಯನ್ನು ನನಗೆ ಕೊಟ್ಟರು. ಒರೆಸಿ ಒರೆಸಿ ತೂತು ಬಿದ್ದ ಕಾಗದ. ನನ್ನ ಪರ್ಸಿನಿಂದ ಬಿದ್ದದ್ದು ಅದೇ.

ಆ ವಾದಕ್ಕೆ ಕೊನೆಗೆ ಯಾರು ಗೆದ್ದರು? ೨೦೧೯ರಲ್ಲಿ ನ್ಯಾಷನಲ್ಸ್ ಹ್ಯೂಸ್ಟನ್ನಿನ ಆಸ್ಟ್ರೋಸ್ ತಂಡವನ್ನು ಸೋಲಿಸಿ ವಿಶ್ವ ಸರಣಿ ಗೆದ್ದಿತು. ಎರಡನೆಯ ಮತ್ತು ಆರನೆಯ ಪಂದ್ಯ ಗೆದ್ದುಕೊಟ್ಟು ಸರಣಿಯ ಶ್ರೇಷ್ಠ ಆಟಗಾರ ಎನಿಸಿದವನು ಸ್ಟ್ರಾಸ್‌ಬರ್ಗ್. ನೋಡಿದಿರಾ, ಅಂದು ಉಳಿಸಿದ್ದಕ್ಕೆ ಇಂದು ಸಿಕ್ಕಿತು ಎಂದು ಅಂಚೆಯವರು ಹೇಳಿರಬೇಕು. ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. ಆ ವರ್ಷದ ಕೊನೆಯಲ್ಲಿ ತಂಡ ಅವನೊಡನೆ ಏಳು ವರ್ಷಕ್ಕೆ ೨೪.೫ ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಮುಂದಿನ ಮೂರು ವರ್ಷಗಳಲ್ಲಿ ಅವನು ಎಸೆದದ್ದು ಬರಿಯ ಎಂಟು ಪಂದ್ಯ. ಕುತ್ತಿಗೆ, ಭುಜಗಳ ನರಗಳು ಒತ್ತಿಕೊಂಡು ಮತ್ತೆ ಶಸ್ತ್ರಚಿಕಿತ್ಸೆಯಾಯಿತು. ೨೦೨೪ರಲ್ಲಿ ಆಟದಿಂದ ನಿವೃತ್ತನಾದ. ಅಷ್ಟು ಎಣಿಸಿ ಕಾಪಾಡಿದ ತೋಳೂ ಉಳಿಯಲಿಲ್ಲ ಎಂದು ಬಸ್ಸಿನವರು ಹೇಳಿರಬೇಕು. ನನಗನ್ನಿಸುವುದು ಇಷ್ಟೆ. ರಜೆ ಕೊಟ್ಟರೆ ತೋಳು ಉಳಿದೇ ಉಳಿಯುತ್ತದೆ ಎಂಬ ಭರವಸೆ ಎಲ್ಲೂ ಇಲ್ಲ. ಆದರೂ ಕೊಡಬೇಕು. ಅದು ಪಂದ್ಯ ಗೆಲ್ಲುವ ಉಪಾಯವಲ್ಲ. ಒಬ್ಬನ ಮೈಯನ್ನು ಎಷ್ಟರಮಟ್ಟಿಗೆ ಬಳಸಬಹುದು ಎಂಬುದಕ್ಕೆ ಉಳಿದವರು ಹಾಕಿಕೊಳ್ಳಬೇಕಾದ ಗೆರೆ.

ನನ್ನ ದನಿ ಪೂರ್ತಿ ಮರಳಲಿಲ್ಲ. ಈಗ ನನಗೆ ಐವತ್ತೆಂಟು. ಮೇಲಿನ ಸ್ವರ ಹೋಗಿದೆ, ಹಾಡು ಹೇಳಲಾಗುವುದಿಲ್ಲ, ಪಾಠಕ್ಕೆ ಅಡ್ಡಿಯಿಲ್ಲ. ಹಿರಿಯಳೆಂದು ಕೆಲವು ವರ್ಷಗಳಿಂದ ಟೈಮ್‌ಟೇಬಲ್ ಹಾಕುವ ಕೆಲಸ ನನ್ನ ಪಾಲಿಗೆ ಬಂದಿದೆ. ನಮ್ಮಲ್ಲಿ ನಾನೇ ಒಂದು ರೂಢಿ ತಂದೆ. ಯಾರಿಗೂ ಮೂರು ಪೀರಿಯಡ್ಡು ಬೆನ್ನುಬೆನ್ನಿಗೆ ಇಲ್ಲ, ಮಳೆಗಾಲದಲ್ಲಿ ತಗಡಿನ ಮಾಡಿನ ಕೋಣೆಗೆ ಒಬ್ಬರನ್ನೇ ಎರಡು ದಿನ ಸತತ ಕಳಿಸುವುದಿಲ್ಲ. ಖಾಲಿ ತರಗತಿಗಳಿಗೂ ಒಂದು ಸರದಿಯ ಪಟ್ಟಿ ಗೋಡೆಯ ಮೇಲಿದೆ.

ಕಳೆದ ಜೂನಿನಲ್ಲಿ ಹೊಸದಾಗಿ ಬಂದ ಹುಡುಗಿ, ವಿಜ್ಞಾನದವಳು, ಒಳ್ಳೆಯ ಟೀಚರು, ನನ್ನ ಬಳಿ ಬಂದು, "ಮೇಡಂ, ಎಂಟನೆಯ ತರಗತಿಯ ಖಾಲಿ ಪೀರಿಯಡ್ಡೂ ನನಗೇ ಕೊಡಿ. ಬೇರೆ ಯಾರು ಹೋದರೂ ಅವರು ಗದ್ದಲ ಮಾಡುತ್ತಾರೆ" ಎಂದಳು. ಕಣ್ಣಿನಲ್ಲಿ ನಾನು ಬಲ್ಲ ಅದೇ ಹಿಗ್ಗು. ನಾನು ಪಟ್ಟಿ ತೋರಿಸಿ, "ನಿನ್ನ ಸರದಿ ಶುಕ್ರವಾರ" ಎಂದೆ. ಅವಳ ಮುಖ ಸಣ್ಣದಾಯಿತು. ಅವಳ ಮೇಲೆ ನನಗೆ ನಂಬಿಕೆಯಿಲ್ಲ ಎಂದುಕೊಂಡಳೋ ಏನೋ, ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಕರೆದು ಎಲ್ಲ ವಿವರಿಸೋಣವೆಂದುಕೊಂಡೆ. ಆದರೆ ಪ್ರಾವಿಡೆನ್ಸಿನಿಂದ ಶುರುಮಾಡಬೇಕು, ಆ ಹೊತ್ತಿಗೆ ಗಂಟೆ ಹೊಡೆಯಿತು. ಎಂಟನೆಯ ತರಗತಿಯಲ್ಲಿ ಗದ್ದಲ ಆಗಲೇ ಎದ್ದಿತ್ತು. ಅಂದಿನ ಸರದಿ ಡ್ರಾಯಿಂಗ್ ಮೇಷ್ಟರದು. ಅವರು ಸೀಮೆಸುಣ್ಣ ಹುಡುಕುತ್ತ ನಿಧಾನವಾಗಿ ಎದ್ದರು. ನಾನು ಕುರ್ಚಿಯಲ್ಲೇ ಗಟ್ಟಿಯಾಗಿ ಕೂತೆ.